ಹಿಮ ಕಮ್ಮಿ ಇದ್ದರೆ ಭಯವೂ ಕಮ್ಮಿಯಾ?

ಪ್ರಶ್ನೆ: ಡಿಸೆಂಬರ್ ಕೊನೆಗೆ ಗುಲ್ಮಾರ್ಗ್‌ಗೆ ಸ್ಕೀಯಿಂಗ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಮೊಣಕಾಲುದ್ದವೂ ಹಿಮ ಬಿದ್ದಿಲ್ಲವಂತೆ. ಹಾಗಾದರೆ ಹಿಮಕುಸಿತದ ಭಯ ಇಲ್ಲ ಅಲ್ವಾ?

ಉತ್ತರ: ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ತೆಳು ಹಿಮವೇ ಎಷ್ಟೋ ಸಲ ಜಾಸ್ತಿ ಮೋಸ ಮಾಡುತ್ತದೆ. ನೆಲದ ಹತ್ತಿರ ಹಿಮ ಸುಮಾರು 0 ಡಿಗ್ರಿ ಇರುತ್ತದೆ, ಮೇಲ್ಭಾಗ ರಾತ್ರಿ ಮೈನಸ್ 10ಕ್ಕೂ ಇಳಿಯಬಹುದು; ಪದರ ತೆಳುವಾಗಿದ್ದಷ್ಟೂ ಈ ವ್ಯತ್ಯಾಸ ಬಲವಾಗಿ ಕೆಲಸ ಮಾಡಿ, ಆವಿ ಒಳಗೊಳಗೇ ಮೇಲೇರಿ, ತಳದ ಹಿಮ ಒಂದಕ್ಕೊಂದು ಅಂಟದ ದಪ್ಪ ಹರಳಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಸಕ್ಕರೆಯ ಹಾಗೆ ಉದುರುತ್ತದೆ. ಅದರ ಮೇಲೆ ಜೋರಾಗಿ ಹೊಸ ಹಿಮ ಬಿದ್ದು, ಗಾಳಿಗೆ ಗಟ್ಟಿಯಾದರೆ ಒಬ್ಬರ ಭಾರಕ್ಕೇ ಇಡೀ ಹಾಸು ಜಾರಬಹುದು. 30ರಿಂದ 45 ಡಿಗ್ರಿಯ ಇಳಿಜಾರು, ಅದರಲ್ಲೂ ಬಿಸಿಲು ಬೀಳದ ಉತ್ತರದ ಮಗ್ಗುಲು ಹೆಚ್ಚು ಅಪಾಯ.

ಗೈಡ್ ಹತ್ತಿರ ಗುಂಡಿ ತೋಡಿಸಿ ನೋಡಿ. 30 ಸೆಂ.ಮೀ. ಅಗಲದ ಹಿಮದ ಕಂಬ ಕತ್ತರಿಸಿ, ಮೇಲೆ ಸಲಿಕೆ ಇಟ್ಟು ತಟ್ಟುತ್ತಾರೆ. ಸುಮ್ನೆ ಮಣಿಕಟ್ಟಿನಿಂದ ತಟ್ಟಿದ್ದಕ್ಕೇ ಕಂಬ ಸರಕ್ಕನೆ ಜಾರಿದರೆ ಆ ಇಳಿಜಾರು ಬೇಡ. ಜಾರದಿದ್ದರೂ ಪೂರ್ತಿ ನಂಬಬೇಡಿ, ಹತ್ತು ಹೆಜ್ಜೆ ಆಚೆ ಪದರ ಬೇರೆ ಥರ ಇರುತ್ತದೆ. ಕಾಲಿಟ್ಟಾಗ 'ಧೊಪ್' ಅಂತ ಹಿಮ ಕುಸಿದ ಸದ್ದು ಬಂದರೆ ಪರೀಕ್ಷೆಯೂ ಬೇಕಿಲ್ಲ, ತಕ್ಷಣ ವಾಪಸ್ ಬನ್ನಿ.