ಗೆದ್ದರೆ ಛಲ, ಸೋತರೆ ಹುಚ್ಚು?

ಪ್ರಶ್ನೆ: ಸರ್, ಎರಡು ವರ್ಷದಿಂದ ಓಡುತ್ತಿದ್ದೇನೆ. ಮುಂದಿನ ತಿಂಗಳ ಮ್ಯಾರಥಾನನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು ಅನ್ನೋದು ನನ್ನ ಗುರಿ. ಮೂರು ವಾರದಿಂದ ಮೊಣಕಾಲಿನ ಕೆಳಗೆ, ಮೂಳೆಯ ಹತ್ತಿರ ನೋವಿದೆ, ಮಾತ್ರೆ ನುಂಗಿ ಓಡುತ್ತಿದ್ದೇನೆ. ಒಂದು ದಿನ ತಪ್ಪಿದರೂ ಎಲ್ಲರ ಮೇಲೆ ರೇಗುತ್ತೇನೆ. ಹೆಂಡತಿ ಇದನ್ನು ಹುಚ್ಚು ಅನ್ನುತ್ತಾಳೆ, ನಾನು ಛಲ ಅನ್ನುತ್ತೇನೆ. ಯಾರು ಸರಿ?

ಉತ್ತರ: ನಿಮ್ಮಿಬ್ಬರ ಜಗಳ ಆಮೇಲೆ ನೋಡೋಣ, ಮೊದಲು ಕಾಲು. ನೋವು ಮೂಳೆಯ ಉದ್ದಕ್ಕೂ ಹರಡಿಕೊಂಡಿದೆಯೋ ಅಥವಾ ಒಂದು ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿದೆಯೋ? ರಾತ್ರಿ ಸುಮ್ನೆ ಮಲಗಿದ್ದಾಗಲೂ ನೋಯುತ್ತಾ? ಒಂದೇ ಜಾಗ, ಮಲಗಿದಾಗಲೂ ನೋವು ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಅದನ್ನು ಮಾತ್ರೆಯಿಂದ ಮುಚ್ಚಿ ಓಡಿದರೆ ಸಣ್ಣದು ದೊಡ್ಡದಾಗುತ್ತದೆ, ಆಮೇಲೆ ಹೋಗುವುದು ತಿಂಗಳುಗಟ್ಟಲೆ. ಈ ವಾರವೇ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಓಟ ಬೇಡ.

ಈಗ ಜಗಳಕ್ಕೆ ಬರೋಣ. ನಾವು ಈ ಪದಗಳನ್ನು ಬಳಸುವ ರೀತಿಯೇ ಸ್ವಲ್ಪ ಮೋಸದ್ದು. ಗೆದ್ದವನದು ಛಲ, ಸೋತವನದು ಹುಚ್ಚು, ಮಕ್ಕಳು ಮಾಡಿದರೆ ಹಠ. (ಛಲ ಅಂದ ಕೂಡಲೇ ನಮಗೆ ನೆನಪಾಗುವವನೇ ದುರ್ಯೋಧನ, ಅವನ ಗತಿ ಏನಾಯ್ತು ಅಂತಲೂ ಗೊತ್ತು!) ಫಲಿತಾಂಶ ಬಂದ ಮೇಲೆ ಹೆಸರಿಡುವುದು ಯಾರಿಗೂ ಕಷ್ಟವಲ್ಲ. ನಿಮಗೆ ಬೇಕಿರುವುದು ಓಟದ ಮೊದಲೇ ತಿಳಿಯುವ ದಾರಿ.

ಯೋರಾನ್ ಕ್ರೋಪ್ ಎಂಬ ಸ್ವೀಡನ್‌ನ ಪರ್ವತಾರೋಹಿ ಇದ್ದರು. 1995ರ ಅಕ್ಟೋಬರ್‌ನಲ್ಲಿ ತಮ್ಮ ದೇಶದಿಂದ ಸೈಕಲ್ ಮೇಲೆ ಹೊರಟು, ಸಾಮಾನನ್ನೆಲ್ಲ ತಾವೇ ಹೇರಿಕೊಂಡು ನೇಪಾಳ ತಲುಪಿದರು. ಆಮ್ಲಜನಕದ ಸಿಲಿಂಡರ್ ಬೇಡ, ಯಾರ ಸಹಾಯವೂ ಬೇಡ, ಎವರೆಸ್ಟ್ ಹತ್ತಬೇಕು. ಇದನ್ನು ಕೇಳಿದವರು ಹುಚ್ಚು ಅನ್ನದೆ ಬಿಡುತ್ತಾರಾ? 1996ರ ಮೇ 3ರಂದು ತುದಿಗೆ ಇನ್ನು ಸುಮಾರು ನೂರು ಮೀಟರ್ ಇತ್ತು. ಹಿಮ ಆಳವಾಗಿತ್ತು, ಹೊತ್ತು ಮೀರಿತ್ತು, ಮುಂದೆ ಹೋದರೆ ಕತ್ತಲಲ್ಲಿ ಇಳಿಯಬೇಕಿತ್ತು. ಅವರು ವಾಪಸ್ ತಿರುಗಿದರು. ಅಷ್ಟು ತಿಂಗಳು ಸೈಕಲ್ ತುಳಿದು ಬಂದ ಮನುಷ್ಯ, ನೂರು ಮೀಟರ್ ಬಾಕಿ ಇರುವಾಗ!

ಅದಾಗಿ ಒಂದು ವಾರಕ್ಕೆ, ಮೇ 10ರಂದು, ಬೇರೆ ತಂಡಗಳವರು ಹತ್ತಿದರು. ಮಧ್ಯಾಹ್ನ ಎರಡರೊಳಗೆ, ತುದಿ ಸಿಗಲಿ ಬಿಡಲಿ, ತಿರುಗಬೇಕು ಎಂಬ ಲೆಕ್ಕ ಇತ್ತು. ಆ ಹೊತ್ತು ಮೀರಿದರೂ ಹಲವರು ಹತ್ತುತ್ತಲೇ ಇದ್ದರು. ಸಂಜೆಗೆ ಬಿರುಗಾಳಿ ಎದ್ದಿತು, ಎಂಟು ಜನ ಸತ್ತರು. ಕ್ರೋಪ್ ಮೇ 23ರಂದು ತುದಿ ಮುಟ್ಟಿದರು.

ತಿರುಗುವ ಹೊತ್ತನ್ನು ಕೆಳಗೇ ಗೊತ್ತುಮಾಡುತ್ತಾರೆ ಅನ್ನೋದನ್ನು ಗಮನಿಸಿ, ಯಾಕೆಂದರೆ ಮೇಲೆ ಹೋದ ಮೇಲೆ ದಣಿದ ತಲೆ, ಕಣ್ಣೆದುರಿಗೆ ಕಾಣುವ ತುದಿ ಮತ್ತು ಇಷ್ಟು ದೂರ ಬಂದಿದ್ದೇನಲ್ಲ ಎಂಬ ಸಂಕಟ ಎಲ್ಲ ಸೇರಿ ಯಾರಿಂದಲೂ ನೆಟ್ಟಗೆ ಯೋಚನೆ ಮಾಡಿಸುವುದಿಲ್ಲ. ನೀವು ಅಂಥ ಒಂದು ಗೆರೆ ಎಳೆದುಕೊಂಡಿಲ್ಲ. ಇವತ್ತೇ ಒಂದು ಹಾಳೆಯಲ್ಲಿ ಬರೆಯಿರಿ: ಏನಾದರೆ ಈ ಸಲದ ಓಟ ಬಿಡುತ್ತೇನೆ. ಅದನ್ನು ಹೆಂಡತಿಯ ಕೈಗೆ ಕೊಡಿ. ಬರೆಯಲು ಕೈಯೇ ಬರದಿದ್ದರೆ, ಕ್ಷಮಿಸಿ, ನಿಮ್ಮ ಮನೆಯವರು ಹೇಳಿದ್ದೇ ಸರಿ.

ರೇಗುವ ವಿಷಯ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವ್ಯಾಲರಾಂಡ್ ಮತ್ತು ಸಂಗಡಿಗರು 2003ರಲ್ಲಿ ಒಲವನ್ನು ಎರಡಾಗಿ ಬಿಡಿಸಿ ನೋಡಿದರು. ಒಂದು, ಬದುಕಿನ ಉಳಿದದ್ದರ ಜೊತೆ ಹೊಂದಿಕೊಂಡು ಹೋಗುವಂಥದ್ದು. ಇನ್ನೊಂದು, ನಿಮ್ಮನ್ನು ಎಳೆದುಕೊಂಡು ಹೋಗುವಂಥದ್ದು, ಮಾಡದಿದ್ದರೆ ಚಡಪಡಿಕೆ. ಎರಡೂ ಬಗೆಯವರು ಅಷ್ಟೇ ಹೊತ್ತು ಓಡಬಹುದು, ಹಾಗಾಗಿ ಗಂಟೆ ಎಣಿಸಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಓಡದ ದಿನ ಹೇಗಿರುತ್ತೀರಿ ಅಂತ ನೋಡಬೇಕು. ಅಂದಹಾಗೆ ಇದನ್ನು ಗೀಳು ಅಂತ ನಾವು ಸುಲಭವಾಗಿ ಕರೆದುಬಿಡುತ್ತೇವೆ, ಆದರೆ ವೈದ್ಯರು ಹೇಳುವ ಗೀಳು ಕಾಯಿಲೆ ಬೇರೆ, ಅಲ್ಲಿ ಬೇಡ ಬೇಡ ಅಂದರೂ ಯೋಚನೆಗಳು ನುಗ್ಗಿ ಬರುತ್ತವೆ. ನಿಮಗೆ ಓಟ ಬೇಕಾಗಿಯೇ ಇದೆ.

ಪ್ರಶ್ನೆ: ಸರ್, ದೊಡ್ಡದನ್ನು ಸಾಧಿಸಿದವರೆಲ್ಲ ಹುಚ್ಚರೇ ಅಲ್ವಾ? ನಡುವೆ ಬಿಟ್ಟವರ ಹೆಸರು ಯಾರಿಗೆ ಗೊತ್ತು? ಹುಚ್ಚು ಹಿಡಿಯದೆ ಏನೂ ಆಗಲ್ಲ ಅನ್ನೋದು ನನ್ನ ನಂಬಿಕೆ.

ಉತ್ತರ: ಅರ್ಧ ಒಪ್ಪುತ್ತೇನೆ. ಬ್ರಿಟನ್ನಿನ ಗಣಿತಜ್ಞ ಆಂಡ್ರೂ ವೈಲ್ಸ್ ಹತ್ತು ವರ್ಷದ ಹುಡುಗನಿದ್ದಾಗ ಫರ್ಮಾ ಎಂಬ ಗಣಿತಜ್ಞನ ಒಂದು ಹಳೆಯ ಲೆಕ್ಕವನ್ನು ನೋಡಿದರು. ಮೂರು ಶತಮಾನದಿಂದ ಯಾರಿಗೂ ಸಾಧಿಸಿ ತೋರಿಸಲು ಆಗಿರಲಿಲ್ಲ. ದೊಡ್ಡವರಾದ ಮೇಲೆ ಏಳು ವರ್ಷ ಹೆಚ್ಚು ಕಡಿಮೆ ಗುಟ್ಟಾಗಿ ಅದರ ಹಿಂದೆ ಬಿದ್ದರು. 1993ರಲ್ಲಿ ಉತ್ತರ ಪ್ರಕಟಿಸಿದರೆ ಅದರಲ್ಲೊಂದು ತೂತು ಸಿಕ್ಕಿತು. ಆಗ ಅವರೇನು ಮಾಡಿದರು? ತೂತು ಇಲ್ಲ ಅಂತ ವಾದಿಸಲಿಲ್ಲ. ತಮ್ಮ ಹಳೆಯ ವಿದ್ಯಾರ್ಥಿ ರಿಚರ್ಡ್ ಟೇಲರ್ ಅವರನ್ನು ಜೊತೆಗೆ ಕರೆದುಕೊಂಡರು. 1994ರ ಸೆಪ್ಟೆಂಬರ್‌ನಲ್ಲಿ, ಇದು ಯಾಕೆ ಕೆಲಸ ಮಾಡುತ್ತಿಲ್ಲ ಅಂತಾದರೂ ತಿಳಿಯೋಣ ಎಂದು ಕೂತಾಗ, ತಾವೇ ಹಿಂದೆ ಕೈಬಿಟ್ಟಿದ್ದ ದಾರಿಯೊಂದು ಅದರೊಳಗಿಂದ ತೆರೆದುಕೊಂಡಿತು.

ಈಗ ಇನ್ನೊಂದು ಕಡೆ ನೋಡಿ. ಬರೀ ಅಳತೆಯ ಗುರುತಿಲ್ಲದ ಪಟ್ಟಿ ಮತ್ತು ಕೈವಾರದಿಂದ, ಒಂದು ವೃತ್ತದಷ್ಟೇ ವಿಸ್ತೀರ್ಣ ಇರುವ ಚೌಕ ಬರೆಯುವ ಲೆಕ್ಕ. ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಜನ ಇದರ ಹಿಂದೆ ಬಿದ್ದಿದ್ದರು. ಉತ್ತರ ಸಿಕ್ಕಿತು ಅಂತ ಬರೆದು ಕಳಿಸುವವರ ಕಾಟ ತಡೆಯಲಾರದೆ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ 1775ರಲ್ಲಿ, ಇನ್ನು ಇಂಥದ್ದನ್ನು ಪರಿಶೀಲಿಸುವುದಿಲ್ಲ ಅಂದುಬಿಟ್ಟಿತು. 1882ರಲ್ಲಿ ಜರ್ಮನಿಯ ಗಣಿತಜ್ಞ ಲಿಂಡೆಮನ್ ಇದು ಸಾಧ್ಯವೇ ಇಲ್ಲ ಅಂತ ಸಾಧಿಸಿ ತೋರಿಸಿದರು. ಅದಾದ ಮೇಲೂ ಜನ ಉತ್ತರ ಕಳಿಸುತ್ತಲೇ ಇದ್ದರು! ಅವರ ಶ್ರಮ ವೈಲ್ಸ್ ಅವರಿಗಿಂತ ಕಡಿಮೆ ಅಂತ ನಾನು ಹೇಳಲಾರೆ. ಲೆಕ್ಕವೇ ಎದುರಿಗೆ ಬಂದು "ಆಗಲ್ಲ" ಅಂದಾಗ ಇವರಿಗೆ ಕೇಳಿಸಲಿಲ್ಲ, ಅಷ್ಟೇ. ನೀವು ಹೇಳುವ ಹುಚ್ಚು ಇವರಿಗೂ ಬೇಕಾದಷ್ಟಿತ್ತು, ಆದರೆ ಅವರ ಹೆಸರೂ ನಮಗೆ ಗೊತ್ತಿಲ್ಲ.

ಪ್ರಶ್ನೆ: ತಂಗಿ ಒಂದೇ ಪರೀಕ್ಷೆಯನ್ನು ನಾಲ್ಕನೇ ಸಲ ಬರೆಯಲು ಹೊರಟಿದ್ದಾಳೆ. ಬಿಟ್ಟುಬಿಡು ಅನ್ನಲಾ?

ಉತ್ತರ: ಬೇಡಮ್ಮ, ಹಾಗೆ ಅಂದರೆ ಹಟಕ್ಕೆ ಬಿದ್ದು ಐದನೇ ಸಲವೂ ಬರೆದಾಳು. ಮೂರೂ ಸಲದ ಅಂಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಇಬ್ಬರೂ ನೋಡಿ. ಏರುತ್ತಿದ್ದರೆ ವಿಷಯ ಬೇರೆ. ಇದ್ದಲ್ಲೇ ಇದ್ದರೆ "ಈ ಸಲ ಏನು ಬೇರೆ ಮಾಡ್ತೀಯ?" ಅಂತ ಕೇಳಿ. "ಇನ್ನೂ ಜಾಸ್ತಿ ಓದ್ತೀನಿ" ಅನ್ನೋದನ್ನು ಉತ್ತರ ಅಂತ ಒಪ್ಪಬೇಡಿ. ಫಲಿತಾಂಶದ ದಿನ ಮಾತ್ರ ಈ ಮಾತು ಎತ್ತಬೇಡಿ. ಅವಳಿಗೆ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕಿ ಏನು ಪ್ರಯೋಜನ ಅನ್ನುವಂಥ ಮಾತು ಬಂದಿದ್ದರೆ, ಅಂಕಪಟ್ಟಿ ಪಕ್ಕಕ್ಕಿಟ್ಟು ಇವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.