ದೇವಿಮನೆ ಘಟ್ಟದಲ್ಲಿ 110 ಸಿಸಿ ಸ್ಕೂಟರ್ ಎಳೆಯೋದೇ ಇಲ್ಲ, ಪಿಕಪ್ ಹೆಚ್ಚಿಸೋದು ಹೇಗೆ?
ಕುಮಟಾದಿಂದ ಶಿರಸಿಗೆ ಇಬ್ಬರು ಕೂತು ಹೊರಟರೆ 110 ಸಿಸಿ ಗಾಡಿ ಘಟ್ಟದಲ್ಲಿ ಏದುಸಿರು ಬಿಡೋದು ಸಹಜ. ಎಂಜಿನ್‌ಗೆ ಕೈಹಾಕುವ ಮೊದಲು ಎಡಬದಿಯ ಸಿವಿಟಿ (ಬೆಲ್ಟಿನ ಮೂಲಕ ತಾನಾಗಿ ಗೇರ್ ಬದಲಿಸುವ ವ್ಯವಸ್ಥೆ) ಕವರ್ ಬಿಚ್ಚಿಸಿ ನೋಡಿ. ವೇರಿಯೇಟರ್ (ಎಂಜಿನ್ ಬದಿಯ ಪುಲ್ಲಿ) ಒಳಗೆ ಸರಿದು ಗೇರ್ ಅನುಪಾತ ಬದಲಿಸುವ ರೋಲರ್‌ಗಳು ದುಂಡಗಿರಬೇಕು. ಒಂದು ಮಗ್ಗುಲು ಚಪ್ಪಟೆಯಾಗಿದ್ದರೆ ಸರಾಗವಾಗಿ ಸರಿಯದೆ ಸಿಕ್ಕಿಕೊಳ್ಳುತ್ತವೆ. ಬೆಲ್ಟ್ ಸವೆದು ಅಗಲ ಕಡಿಮೆಯಾಗಿದ್ದರೆ ಟಾಪ್ ಸ್ಪೀಡೂ ಹೋಗುತ್ತದೆ. ಏರ್ ಫಿಲ್ಟರ್, ಟೈರಿನ ಗಾಳಿ, ಉಜ್ಜುವ ಬ್ರೇಕ್, ಇವನ್ನೂ ಒಮ್ಮೆ ನೋಡಿಸಿ.

ಎಲ್ಲ ಸರಿಯಿದ್ದೂ ಸಾಲದಿದ್ದರೆ, ತುಸು ಹಗುರವಾದ ರೋಲರ್ ಸೆಟ್ ಹಾಕಿಸಿ. ಆರ್‌ಪಿಎಂ ಇನ್ನಷ್ಟು ಏರಿದ ಮೇಲಷ್ಟೇ ಗೇರ್ ಅನುಪಾತ ಬದಲಾಗುವುದರಿಂದ ಏರಿನಲ್ಲಿ ಎಳೆತ ಸಿಗುತ್ತದೆ. ಮೈಲೇಜ್ ಮಾತ್ರ ಸ್ವಲ್ಪ ಇಳಿಯುತ್ತದೆ, ಅಂಕೋಲಾ ಕಡೆಯ ಹೈವೇಯಲ್ಲಿ ಎಂಜಿನ್ ಕಿರುಚುತ್ತದೆ.

ಎಂಜಿನ್ನಿನ ಸಿಸಿ ಹೆಚ್ಚಿಸುವ ಬೋರ್ ಕಿಟ್ ಬೇಡ. ಆರ್‌ಸಿ, ವಿಮೆ ಎರಡಕ್ಕೂ ತಕರಾರು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ 125 ಸಿಸಿ ತಗೊಳ್ಳಿ.