ಕಾಕ್ಸ್1 ನಡುವೆ ಸ್ಟಾಪ್ ಕೋಡಾನ್ ಬಂದರೆ

ಬಾಲ್ಟಿಕ್ ಸಮುದ್ರದ ಮಾರೆಂಜೆಲೇರಿಯಾ ಹುಳುವಿನ ಮೈಟೊಕಾಂಡ್ರಿಯಾ ಜೀನೋಮ್ ಜೋಡಿಸಿದ್ದೀರಿ, ಕಾಕ್ಸ್1 ಜೀನಿನ ನಡುನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಕಟ್ಟುವುದನ್ನು ಇಲ್ಲಿಗೆ ನಿಲ್ಲಿಸು ಎನ್ನುವ ಮೂರಕ್ಷರದ ಸಂಕೇತ) ಕಾಣಿಸುತ್ತಿದೆ, ಸ್ಯಾಂಪಲ್ ಕೆಟ್ಟಿದೆಯಾ ಎಂದು ಕೇಳಿದ್ದೀರಿ ಅಲ್ವಾ? ದಯವಿಟ್ಟು ಸ್ಯಾಂಪಲ್ ಬಿಸಾಡಬೇಡಿ.

ಮೊದಲು ಯಾವ ಜೆನೆಟಿಕ್ ಕೋಡ್ ಟೇಬಲ್, ಅಂದರೆ ಡಿಎನ್‌ಎಯ ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಎಂದು ಹೇಳುವ ಪಟ್ಟಿ, ಆರಿಸಿದ್ದೀರಿ ನೋಡಿ. ಸಾಮಾನ್ಯವಾಗಿ ತಾನಾಗಿಯೇ ಬರುವ 1ರಲ್ಲಿ ಟಿಜಿಎ ಅಂದರೆ ಸ್ಟಾಪ್. ಬೆನ್ನುಮೂಳೆ ಇರುವ ಪ್ರಾಣಿಗಳ ಮೈಟೊಕಾಂಡ್ರಿಯಾದ 2ರಲ್ಲಿ ಎಜಿಎ, ಎಜಿಜಿ ಸ್ಟಾಪ್. ನಿಮಗೆ ಬೇಕಾದದ್ದು ಬೆನ್ನುಮೂಳೆ ಇಲ್ಲದ ಪ್ರಾಣಿಗಳ ಮೈಟೊಕಾಂಡ್ರಿಯಾದ 5. ಅದರಲ್ಲಿ ಟಿಜಿಎ ಟ್ರಿಪ್ಟೊಫ್ಯಾನ್, ಎಜಿಎ ಮತ್ತು ಎಜಿಜಿ ಎರಡೂ ಸೆರೀನ್. ಹೆಚ್ಚಿನ ಸಲ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೂ ಉಳಿದರೆ ರೀಡಿಂಗ್ ಫ್ರೇಮ್, ಅಂದರೆ ಮೂರು ಮೂರು ಅಕ್ಷರಗಳಾಗಿ ಓದುವ ಸಾಲು ಜಾರಿದೆಯಾ ನೋಡಿ. ನ್ಯಾನೋಪೋರ್ ಎಂಬ ಡಿಎನ್‌ಎ ಓದುವ ಯಂತ್ರದ ಡೇಟಾ ಆಗಿದ್ದರೆ ಸಾಲಾಗಿ ಏಳೆಂಟು ಟಿ ಬರುವ ಕಡೆ ಒಂದು ಬಿಟ್ಟುಹೋಗುವುದು ಮಾಮೂಲು. ಅದೂ ಅಲ್ಲದಿದ್ದರೆ, ನ್ಯೂಕ್ಲಿಯಸ್ ಡಿಎನ್‌ಎಯೊಳಗೆ ಸೇರಿಕೊಂಡ ಹಳೇ ನಕಲು ಇರಬಹುದು. ರೀಡ್‌ಗಳನ್ನು (ಯಂತ್ರ ಓದಿದ ಡಿಎನ್‌ಎ ತುಂಡುಗಳನ್ನು) ಜೋಡಿಸಿದ ಜೀನೋಮ್ ಮೇಲೆ ವಾಪಸ್ ಮ್ಯಾಪ್ ಮಾಡಿ. ನಿಜವಾದ ಮೈಟೊಕಾಂಡ್ರಿಯಾ ಭಾಗದಲ್ಲಿ ಕವರೇಜ್ (ಒಂದೊಂದು ಜಾಗದ ಮೇಲೆ ಬೀಳುವ ರೀಡ್‌ಗಳ ಸಂಖ್ಯೆ) ತುಂಬಾ ಜಾಸ್ತಿ ಇರುತ್ತದೆ, ನಕಲಿನಲ್ಲಿ ಸಟ್ಟನೆ ಇಳಿಯುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಈ ಹುಳು ಸೇರುವ ಅನೆಲಿಡ್ ಗುಂಪಿನಲ್ಲಿ ಸಾಮಾನ್ಯವಾಗಿ ಮೈಟೊಕಾಂಡ್ರಿಯಾದ 37 ಜೀನ್‌ಗಳೂ ಡಿಎನ್‌ಎಯ ಒಂದೇ ಎಳೆಯ ಮೇಲಿರುತ್ತವೆ. ಒಂದೆರಡು ತಿರುಗಿ ಕೂತಿದ್ದರೆ ಜೋಡಣೆಯನ್ನೇ ಅನುಮಾನಿಸಿ.

ಹೆಸರು ಹಾಕುವಾಗಲೂ ಅವಸರ ಬೇಡ. 1980ರ ದಶಕದಿಂದ ಬಾಲ್ಟಿಕ್‌ನಲ್ಲಿ ಕಾಣಿಸಿಕೊಂಡಿರುವ ಈ ಹುಳುಗಳಲ್ಲಿ ವಿರಿಡಿಸ್, ನೆಗ್ಲೆಕ್ಟಾ, ಆರ್ಕ್ಟಿಯಾ ಎಂದು ಮೂರು ಪ್ರಭೇದಗಳಿವೆ, ನೋಡೋಕೆ ಹೆಚ್ಚುಕಡಿಮೆ ಒಂದೇ ಥರ. ತಪ್ಪು ಹೆಸರಲ್ಲಿ ಡೇಟಾಬೇಸ್‌ಗೆ ಹೋದರೆ ಮುಂದಿನವರೆಲ್ಲ ಅದನ್ನೇ ನಂಬುತ್ತಾರೆ. ಅದಕ್ಕೇ ಹುಳುವಿನ ತಲೆಯ ಭಾಗವನ್ನು ಎಥನಾಲ್‌ನಲ್ಲಿ ಇಟ್ಟುಕೊಳ್ಳಿ, ಡಿಎನ್‌ಎಗೆ ಹಿಂಭಾಗದ ತುಂಡು ಸಾಕು.